ಜೇಮ್ಸ್ ಹೆಮಿಂಗ್ಸ್ ಮತ್ತು ಅಮೆರಿಕದ ಗುಲಾಮ ಬಾಣಸಿಗರು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕ ಸ್ವತಂತ್ರವಾದ ಮೊದಲ ದಶಕಗಳಲ್ಲಿ ಅಲ್ಲಿನ ಅಧ್ಯಕ್ಷರ ಮತ್ತು ಮಂತ್ರಿಗಳ ಮನೆಯ ಅಡುಗೆ ಮಾಡಿದವರಲ್ಲಿ ಹಲವರು ಗುಲಾಮರಾಗಿದ್ದರು. ಈ ವಿಷಯದ ಮೇಲೆ ಮಾತುಕತೆಗಳಲ್ಲಿ, ಪತ್ರಗಳಲ್ಲಿ ಓದುಗರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಒಟ್ಟುಮಾಡಿದ್ದೇನೆ. ಹೆಚ್ಚಿನ ಉತ್ತರಗಳು ಜೇಮ್ಸ್ ಹೆಮಿಂಗ್ಸ್ ಅವರ ಸುತ್ತ ಇವೆ, ಏಕೆಂದರೆ ಅವರ ಬದುಕಿನ ದಾಖಲೆಗಳು ಇತರರದಕ್ಕಿಂತ ಹೆಚ್ಚು ಉಳಿದಿವೆ.

## ಮೊದಲ ಪರಿಚಯ

ಜೇಮ್ಸ್ ಹೆಮಿಂಗ್ಸ್ ಅಂದರೆ ಯಾರು?

1765ರಲ್ಲಿ ವರ್ಜೀನಿಯಾದಲ್ಲಿ ಗುಲಾಮರಾಗಿ ಹುಟ್ಟಿ, ಥಾಮಸ್ ಜೆಫರ್ಸನ್ ಅವರ ಒಡೆತನದಲ್ಲಿ ಬೆಳೆದು, ಪ್ಯಾರಿಸ್‌ನಲ್ಲಿ ಫ್ರೆಂಚ್ ಪಾಕಕಲೆಯನ್ನು ಕಲಿತ ಬಾಣಸಿಗ. ಜೆಫರ್ಸನ್ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡು ಬರೆದವರು, ಮುಂದೆ ದೇಶದ ಮೂರನೆಯ ಅಧ್ಯಕ್ಷರಾದವರು. ಅವರು ಪ್ಯಾರಿಸ್‌ನಲ್ಲಿ ರಾಯಭಾರಿಯಾಗಿದ್ದಾಗ, ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾದಲ್ಲಿ ವಿದೇಶಾಂಗ ಕಾರ್ಯದರ್ಶಿಯಾಗಿದ್ದಾಗ, ಆಮೇಲೆ ಮಾಂಟಿಚೆಲ್ಲೊ ಎಂಬ ತಮ್ಮ ಬೆಟ್ಟದ ಮನೆಯಲ್ಲಿದ್ದಾಗ ಅಡುಗೆಮನೆಯ ಹೊಣೆ ಹೊತ್ತವರು ಜೇಮ್ಸ್. 1796ರಲ್ಲಿ ಅವರಿಗೆ ಬಿಡುಗಡೆ ಸಿಕ್ಕಿತು. 1801ರಲ್ಲಿ, 36ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಜೆಫರ್ಸನ್ ಹೆಂಡತಿಗೆ ಜೇಮ್ಸ್ ತಮ್ಮನಾಗಬೇಕು ಅಂತ ಎಲ್ಲೋ ಓದಿದೆ. ಸ್ವಂತ ತಮ್ಮನೇ ಗುಲಾಮನಾಗುವುದು ಹೇಗೆ?

ಓದಿದ್ದು ಸರಿ. ಜೇಮ್ಸ್ ಅವರ ತಾಯಿ ಎಲಿಜಬೆತ್ ಹೆಮಿಂಗ್ಸ್ ಅವರು ಜಾನ್ ವೇಲ್ಸ್ ಎಂಬ ಜಮೀನ್ದಾರನ ಗುಲಾಮರಾಗಿದ್ದರು. ಅವರ ಆರು ಮಕ್ಕಳಿಗೆ ವೇಲ್ಸ್ ಅವರೇ ತಂದೆ, ಜೇಮ್ಸ್ ಅವರಲ್ಲೊಬ್ಬರು. ವೇಲ್ಸ್ ಅವರ ವಿವಾಹಿತ ಪತ್ನಿಯ ಮಗಳು ಮಾರ್ಥಾ, ಜೆಫರ್ಸನ್ ಅವರನ್ನು ಮದುವೆಯಾದರು. ವರ್ಜೀನಿಯಾದಲ್ಲಿ 1662ರಲ್ಲೇ ಒಂದು ಕಾನೂನು ಬಂದಿತ್ತು: ಹುಟ್ಟುವ ಮಗುವಿನ ಸ್ಥಿತಿಯನ್ನು ನಿರ್ಧರಿಸುವುದು ತಾಯಿಯ ಸ್ಥಿತಿ. ತಂದೆ ಎಷ್ಟೇ ದೊಡ್ಡವನಾದರೂ ಗುಲಾಮ ತಾಯಿಯ ಮಗು ಗುಲಾಮನೇ. 1773ರಲ್ಲಿ ವೇಲ್ಸ್ ಸತ್ತಾಗ ಅವರ ಸಾಲದ ಜೊತೆಗೆ 135 ಮಂದಿ ಗುಲಾಮರೂ ಮಗಳು ಅಳಿಯನ ಪಾಲಿಗೆ ಬಂದರು. ಎಂಟು ವರ್ಷದ ಜೇಮ್ಸ್ ಹೀಗೆ ತನ್ನ ಅಕ್ಕನಿಗೇ ಆಸ್ತಿಯಾಗಿ ಸಿಕ್ಕ ಹುಡುಗ.

ಇದು ನಮ್ಮ ಕಡೆಯ ಜೀತದ ಹಾಗೆಯೇ?

ಎರಡರಲ್ಲೂ ದುಡಿಯುವವನ ದೇಹ ಅವನದಲ್ಲ, ಹುಟ್ಟೇ ಅವನ ಬದುಕನ್ನು ತೀರ್ಮಾನಿಸುತ್ತದೆ. ಆ ಮಟ್ಟಿಗೆ ಹೋಲಿಕೆ ಸರಿ, ಮತ್ತು ಜೀತದ ಕ್ರೌರ್ಯವನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಆದರೆ ಜೀತಕ್ಕೆ ಸಾಮಾನ್ಯವಾಗಿ ಸಾಲದ ನೆಪವೊಂದು ಇರುತ್ತಿತ್ತು. ಅಮೆರಿಕದಲ್ಲಿ ಮನುಷ್ಯನೇ ಮಾರುವ, ಅಡವಿಡುವ, ಉಯಿಲಿನಲ್ಲಿ ಬರೆದುಕೊಡುವ ಸೊತ್ತಾಗಿದ್ದ, ಅದಕ್ಕೆ ಬಣ್ಣವೇ ಗುರುತಾಗಿತ್ತು. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ. ಹೀಗಾಗಿ ಗಂಡನನ್ನು ಒಂದೂರಿಗೆ, ಹೆಂಡತಿಯನ್ನು ಇನ್ನೊಂದೂರಿಗೆ, ಮಕ್ಕಳನ್ನು ಮತ್ತೊಂದೆಡೆಗೆ ಮಾರುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಹೊಲದಲ್ಲಿ ಬಿಸಿಲಿಗೆ ದುಡಿಯುವುದಕ್ಕಿಂತ ಅಡುಗೆಮನೆಯ ಕೆಲಸ ಸುಖ ಅಲ್ಲವೇ?

ಬಟ್ಟೆ ಸ್ವಲ್ಪ ಚೆನ್ನಾಗಿರುತ್ತಿತ್ತು, ಉಳಿದ ಅನ್ನಾಹಾರ ಕೆಲವೊಮ್ಮೆ ಸಿಗುತ್ತಿತ್ತು ಎಂಬುದು ನಿಜ. ಆದರೆ ಹೊಲದವರಿಗೆ ಸೂರ್ಯ ಮುಳುಗಿದ ಮೇಲೆ ಮತ್ತು ಭಾನುವಾರ ಸಿಗುತ್ತಿದ್ದ ಅಷ್ಟಿಷ್ಟು ಬಿಡುವು ಅಡುಗೆಯವರಿಗೆ ಇರಲಿಲ್ಲ. ಭಾನುವಾರವೂ ಒಡೆಯರಿಗೆ ಹಸಿವಾಗುತ್ತದೆ, ಹಬ್ಬದ ದಿನವಂತೂ ಕೆಲಸ ದುಪ್ಪಟ್ಟು. ಬೆಳಕು ಹರಿಯುವ ಮೊದಲೇ ಬೆಂಕಿ ಎಬ್ಬಿಸಬೇಕು, ರಾತ್ರಿ ಕೊನೆಯ ಪಾತ್ರೆ ತೊಳೆದಾಗಲೂ ಕೆಂಡವನ್ನು ಬೂದಿಯಲ್ಲಿ ಮುಚ್ಚಿ ಕಾಪಾಡಬೇಕು. ಅನೇಕ ಅಡುಗೆಯವರು ಅಡುಗೆಮನೆಯ ಪಕ್ಕದ ಕೋಣೆಯಲ್ಲಿಯೋ ಅದರ ಮೇಲಿನ ಅಟ್ಟದಲ್ಲಿಯೋ ಮಲಗುತ್ತಿದ್ದರು, ಅಂದರೆ ಯಾವ ಹೊತ್ತಿಗಾದರೂ ಕರೆ ಬರಬಹುದಿತ್ತು. ಸುಟ್ಟ ಗಾಯಗಳು, ಕುದಿಯುವ ನೀರಿನ ಕಬ್ಬಿಣದ ಹಂಡೆಗಳನ್ನು ಎತ್ತಿ ಎತ್ತಿ ಸೋತ ಬೆನ್ನು, ಉದ್ದ ಲಂಗಕ್ಕೆ ಹತ್ತುವ ಕಿಡಿ, ಇವೆಲ್ಲ ದಿನನಿತ್ಯದ ಅಪಾಯಗಳು. ಒಡೆಯರ ಕಣ್ಣಳತೆಯಲ್ಲೇ ಇಡೀ ದಿನ ಕಳೆಯಬೇಕಾದ್ದರಿಂದ ಸಿಟ್ಟು, ಅನುಮಾನಗಳಿಗೆ ಮೊದಲು ಗುರಿಯಾಗುತ್ತಿದ್ದವರೂ ಮನೆಯೊಳಗಿನವರೇ.

## ಅಡುಗೆಮನೆಯ ಒಳಗೆ

ಆಗಿನ ಅಡುಗೆಮನೆಯಲ್ಲಿ ಏನೇನಿರುತ್ತಿತ್ತು?

ವರ್ಜೀನಿಯಾದ ಸಾಮಾನ್ಯ ದೊಡ್ಡ ಮನೆಗಳಲ್ಲಿ ಆಳೆತ್ತರದ ತೆರೆದ ಒಲೆ, ಅದರೊಳಗೆ ತೂಗುಹಾಕುವ ಕಬ್ಬಿಣದ ಪಾತ್ರೆ, ಮಾಂಸ ಸುಡುವ ಸಲಾಕೆ ಇಷ್ಟಿದ್ದರೆ ಹೆಚ್ಚು. ಶಾಖಮಾಪಕ ಇರಲಿಲ್ಲ. ಬ್ರೆಡ್ಡಿನ ಒಲೆ ಹದವಾಗಿದೆಯೇ ಎಂದು ತಿಳಿಯಲು ಬರಿಗೈಯನ್ನು ಒಳಗಿಟ್ಟು, ಎಷ್ಟು ಎಣಿಸುವವರೆಗೆ ತಾಳಬಹುದು ಎಂದು ನೋಡುತ್ತಿದ್ದರು.

ಮಾಂಟಿಚೆಲ್ಲೊದ ಅಡುಗೆಮನೆ ಹಾಗಿರಲಿಲ್ಲ. ಅಲ್ಲಿ ಸೊಂಟದೆತ್ತರಕ್ಕೆ ಇಟ್ಟಿಗೆಯಿಂದ ಕಟ್ಟಿದ ಕಟ್ಟೆಯೊಲೆ ಇತ್ತು. ಕಟ್ಟೆಯ ಮೇಲೆ ಸಾಲಾಗಿ ಗುಳಿಗಳು, ಪ್ರತಿ ಗುಳಿಯಲ್ಲೂ ಬೇರೆಬೇರೆ ಹದದ ಇದ್ದಿಲ ಕೆಂಡ. ಮೊಟ್ಟೆಯ ಹಳದಿ, ಬೆಣ್ಣೆ, ಕೆನೆ ಸೇರಿದ ಫ್ರೆಂಚ್ ಸಾಸುಗಳು ಉರಿ ಒಂದಿಷ್ಟು ಹೆಚ್ಚಾದರೆ ಒಡೆದುಹೋಗುತ್ತವೆ, ಅವುಗಳಿಗೆ ಇಂಥ ಒಲೆಯೇ ಬೇಕು.

ಈ ಅಡುಗೆಮನೆಯಲ್ಲಿ ಏನಿತ್ತು ಎಂಬುದಕ್ಕೆ ಸಾಕ್ಷಿ ಜೇಮ್ಸ್ ಅವರ ಕೈಬರಹವೇ. 1796ರ ಫೆಬ್ರವರಿ 20ರಂದು ಅವರು ಪಾತ್ರೆಪಡಗಗಳ ಪಟ್ಟಿಯೊಂದನ್ನು ಬರೆದರು. ಮುಚ್ಚಳ ಸಮೇತ 19 ತಾಮ್ರದ ಪಾತ್ರೆಗಳು, 6 ಸಣ್ಣ ಸಾಸಿನ ಪಾತ್ರೆಗಳು, ಕಲಾಯಿ ಹಾಕಿದ 4 ದುಂಡನೆಯ ತಾಮ್ರದ ತಟ್ಟೆಗಳು ಮತ್ತು ಕಲಾಯಿ ಇಲ್ಲದ 4 ಚೌಕ ತಟ್ಟೆಗಳು, ಮೀನು ಬೇಯಿಸುವ ಉದ್ದನೆಯ ಪಾತ್ರೆಗಳು, 3 ವಾಫಲ್ ಅಚ್ಚುಗಳು, 9 ಮರದ ಚಮಚಗಳು, ಹಿತ್ತಾಳೆಯದೊಂದು ಅಮೃತಶಿಲೆಯದೊಂದು ಕುಟ್ಟಾಣಿ, ಟರ್ಕಿಯವರ ಟೋಪಿಯ ಆಕಾರದ ಒಂದು ಅಚ್ಚು, ಕೊನೆಗೆ 5 ಏಪ್ರನ್‌ಗಳು. ಯಾವ ತಟ್ಟೆಗೆ ಕಲಾಯಿ ಇದೆ, ಯಾವುದಕ್ಕಿಲ್ಲ ಎಂದು ಬಿಡಿಸಿ ಬರೆದಿರುವುದನ್ನು ಗಮನಿಸಿ. ತಾಮ್ರದ ಪಾತ್ರೆಯಲ್ಲಿ ಹುಳಿ ಬೇಯಿಸಿ ಗೊತ್ತಿರುವ ಯಾರಿಗಾದರೂ ಅದರ ಮಹತ್ವ ಅರ್ಥವಾಗುತ್ತದೆ. ಇದು ಕಸುಬುದಾರನೊಬ್ಬ ತನ್ನ ಸಾಮಾನನ್ನು ಲೆಕ್ಕ ಒಪ್ಪಿಸುವ ರೀತಿ.

ಇಷ್ಟೆಲ್ಲ ಬೇಯಿಸುತ್ತಿದ್ದವರು, ಅವರ ಜನ ಏನು ತಿನ್ನುತ್ತಿದ್ದರು?

ಮಾಂಟಿಚೆಲ್ಲೊದಲ್ಲಿ ಗುಲಾಮರಿಗೆ ವಾರದ ಪಡಿ ಅಳೆದು ಕೊಡುತ್ತಿದ್ದರು: ಮೆಕ್ಕೆಜೋಳದ ಹಿಟ್ಟು, ಸ್ವಲ್ಪ ಉಪ್ಪು ಹಾಕಿದ ಹಂದಿ ಅಥವಾ ದನದ ಮಾಂಸ, ಕೆಲವು ಒಣ ಹೆರಿಂಗ್ ಮೀನು. ಇದರಿಂದ ಹೊಟ್ಟೆ ತುಂಬುವುದು ಕಷ್ಟ. ಹಾಗಾಗಿ ದುಡಿಮೆ ಮುಗಿದ ಮೇಲೆ ತಮ್ಮ ಗುಡಿಸಲಿನ ಪಕ್ಕದ ತುಂಡು ನೆಲದಲ್ಲಿ ಕೋಸು, ಸೌತೆ, ಆಲೂಗಡ್ಡೆ ಬೆಳೆದರು, ಕೋಳಿ ಸಾಕಿದರು. ಈ ತರಕಾರಿ, ಮೊಟ್ಟೆ, ಕೋಳಿಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದವರಲ್ಲಿ ಜೆಫರ್ಸನ್ ಅವರ ಮನೆಯವರೂ ಇದ್ದರು, ಅವರ ಮೊಮ್ಮಗಳು ಬರೆದಿಟ್ಟ ಲೆಕ್ಕದ ಪುಸ್ತಕ ಈಗಲೂ ಇದೆ. ಸಾವಿರ ಅಡಿ ಉದ್ದದ ತೋಟವಿದ್ದ ಮನೆ, ಗುಲಾಮರ ಹಿತ್ತಿಲಿನ ಸೌತೆಕಾಯಿಯನ್ನು ಕೊಳ್ಳುತ್ತಿತ್ತು.

ಓದು ಬರಹ ಇಲ್ಲದ ಅಡುಗೆಯವರು ಪುಸ್ತಕದ ಅಡುಗೆ ಮಾಡುತ್ತಿದ್ದುದು ಹೇಗೆ?

ಕೇಳಿ ಕಲಿಯುತ್ತಿದ್ದರು. ಮಾಂಟಿಚೆಲ್ಲೊದಲ್ಲಿ ಜೇಮ್ಸ್ ಅವರಿಗಿಂತ ಮೊದಲು ಅರ್ಸುಲಾ ಗ್ರೇಂಜರ್ ಎಂಬವರು ಅಡುಗೆ ನೋಡಿಕೊಳ್ಳುತ್ತಿದ್ದರು. ಅವರ ಮಗ ಐಸಾಕ್ ಮುದಿತನದಲ್ಲಿ ತಮ್ಮ ನೆನಪುಗಳನ್ನು ಹೇಳಿ ಬರೆಸಿದ್ದಾರೆ. ಜೆಫರ್ಸನ್ ಅವರ ಪತ್ನಿ ಅಡುಗೆಪುಸ್ತಕ ಹಿಡಿದು ಬಂದು, ಕೇಕು ಟಾರ್ಟು ಮಾಡುವ ಬಗೆಯನ್ನು ಗಟ್ಟಿಯಾಗಿ ಓದಿ ತಮ್ಮ ತಾಯಿಗೆ ಹೇಳುತ್ತಿದ್ದರು ಎಂದು ಅದರಲ್ಲಿದೆ. ಒಮ್ಮೆ ಕಿವಿಗೆ ಬಿದ್ದದ್ದನ್ನು ನೆನಪಿನಲ್ಲಿಟ್ಟು, ಒಲೆಯ ಹದಕ್ಕೆ, ಆ ದಿನದ ಹಿಟ್ಟಿನ ಗುಣಕ್ಕೆ ತಕ್ಕಂತೆ ತಿದ್ದಿಕೊಂಡು ಮಾಡುವ ಕೆಲಸ ಮಾತ್ರ ಅರ್ಸುಲಾ ಅವರದೇ. ಪಾಕವಿಧಾನಗಳು ಮನೆಯೊಡತಿಯರ ಹೆಸರಿನಲ್ಲಿ ಉಳಿಯಲು ಇದೂ ಒಂದು ಕಾರಣ: ಲೇಖನಿ ಇದ್ದದ್ದು ಅವರ ಕೈಯಲ್ಲಿ.

## ಪ್ಯಾರಿಸ್, ಫಿಲಡೆಲ್ಫಿಯಾ, ಬಿಡುಗಡೆ

ಪ್ಯಾರಿಸ್‌ನಲ್ಲಿ ಜೇಮ್ಸ್ ಯಾರ ಹತ್ತಿರ ಕಲಿತ?

1784ರಲ್ಲಿ ಜೆಫರ್ಸನ್ ಅವರು ಅಡುಗೆ ಕಲಿಸುವ ಉದ್ದೇಶದಿಂದಲೇ 19 ವರ್ಷದ ಜೇಮ್ಸ್ ಅವರನ್ನು ಜೊತೆಗೆ ಕರೆದೊಯ್ದರು. ಮೊದಲು ಕೊಂಬೊ ಎಂಬ ಊಟ ಒದಗಿಸುವ ವ್ಯಾಪಾರಿಯ ಬಳಿ, ನಂತರ ಪೇಸ್ಟ್ರಿ ಮಾಡುವವರ ಬಳಿ, ಆಮೇಲೆ ಕೊಂಡೆಯ ರಾಜಕುಮಾರನ ಮನೆಯ ಬಾಣಸಿಗನ ಕೈಕೆಳಗೆ ಕಲಿತರು. ಫ್ರಾನ್ಸಿನ ಅತ್ಯಂತ ಶ್ರೀಮಂತ ಅಡುಗೆಮನೆಗಳಲ್ಲಿ ಅದೂ ಒಂದು. 1787ರ ಹೊತ್ತಿಗೆ ಷಾಂಜ್ ಎಲಿಜೆ ರಸ್ತೆಯಲ್ಲಿದ್ದ ಜೆಫರ್ಸನ್ ಅವರ ನಿವಾಸದಲ್ಲಿ ಜೇಮ್ಸ್ ಮುಖ್ಯ ಬಾಣಸಿಗರಾದರು, ತಿಂಗಳಿಗೆ 24 ಲೀವ್ರ್ ಸಂಬಳ. ಅದು ಅವರ ಹಿಂದಿನ ಬಾಣಸಿಗನಿಗೆ ಕೊಡುತ್ತಿದ್ದುದರ ಅರ್ಧದಷ್ಟು. ಪೆರ್ರೋ ಎಂಬ ಶಿಕ್ಷಕನಿಂದ ಫ್ರೆಂಚ್ ಕೂಡ ಹೇಳಿಸಿಕೊಂಡರು. ವಿಜ್ಞಾನಿಗಳು, ಸರದಾರರು, ರಾಯಭಾರಿಗಳು ಕೂರುವ ಮೇಜಿಗೆ ಊಟ ಕಳಿಸುತ್ತಿದ್ದ ಈ ಯುವಕ ಕಾನೂನಿನ ಪ್ರಕಾರ ಆಗಲೂ ವರ್ಜೀನಿಯಾದ ಗುಲಾಮ.

ಫ್ರಾನ್ಸಿನಲ್ಲಿ ಕೇಳಿದ್ದರೆ ಬಿಡುಗಡೆ ಸಿಗುತ್ತಿತ್ತಂತೆ. ಹಾಗಾದರೆ ಯಾಕೆ ವಾಪಸ್ ಬಂದ?

ಸಿಗುತ್ತಿತ್ತು. ಪ್ಯಾರಿಸ್‌ನ ನೌಕಾ ನ್ಯಾಯಾಲಯಕ್ಕೆ ಅರ್ಜಿ ಹಾಕಿದ ಗುಲಾಮರು ಬಹುತೇಕ ಬಿಡುಗಡೆ ಪಡೆಯುತ್ತಿದ್ದರು. ಜೆಫರ್ಸನ್ ಅವರಿಗೂ ಇದು ಚೆನ್ನಾಗಿ ಗೊತ್ತಿತ್ತು. ಗುಲಾಮ ಹುಡುಗನೊಬ್ಬನನ್ನು ಫ್ರಾನ್ಸಿಗೆ ತಂದಿದ್ದವನಿಗೆ 1786ರಲ್ಲಿ ಬರೆದ ಪತ್ರದಲ್ಲಿ, ಹುಡುಗ ಕೇಳಿದರೆ ಇಲ್ಲಿನ ಕಾನೂನು ಅವನ ಪರ, ಆದ್ದರಿಂದ ಸುಮ್ಮನಿರುವುದೇ ಲೇಸು ಎಂಬ ಅರ್ಥದ ಸಲಹೆ ಕೊಟ್ಟಿದ್ದರು.

ಜೇಮ್ಸ್ ತಮ್ಮ ಕಾರಣವನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಆದರೆ ಅವರ ಮುಂದಿದ್ದ ಲೆಕ್ಕಾಚಾರ ಕಾಣುತ್ತದೆ. ಸ್ಯಾಲಿ ಎಂಬ ಒಬ್ಬ ತಂಗಿಯನ್ನು ಬಿಟ್ಟರೆ ತಾಯಿ, ಅಣ್ಣ, ತಮ್ಮ, ತಂಗಿಯರೆಲ್ಲ ವರ್ಜೀನಿಯಾದಲ್ಲಿ. ಫ್ರಾನ್ಸಿನಲ್ಲೇ ಉಳಿದರೆ ಅವರನ್ನು ಮತ್ತೆ ನೋಡುವಂತಿಲ್ಲ. 1789ರ ಪ್ಯಾರಿಸ್‌ನಲ್ಲಿ ಬೀದಿಗಳಲ್ಲೇ ಕ್ರಾಂತಿ ಎದ್ದಿತ್ತು, ಕೆಲಸ ಕೊಡುವ ಸರದಾರರು ಊರು ಬಿಡುತ್ತಿದ್ದರು. 1787ರಲ್ಲಿ ಪ್ಯಾರಿಸ್‌ಗೆ ಬಂದಿದ್ದ ತಂಗಿ ಸ್ಯಾಲಿ, ಮುಂದೆ ತನಗೆ ಹುಟ್ಟುವ ಮಕ್ಕಳಿಗೆ 21 ವರ್ಷವಾದಾಗ ಬಿಡುಗಡೆ ಕೊಡಬೇಕೆಂಬ ಮಾತನ್ನು ಜೆಫರ್ಸನ್ ಅವರಿಂದ ಪಡೆದೇ ಹಿಂತಿರುಗಲು ಒಪ್ಪಿದಳೆಂದು ಆಕೆಯ ಮಗ ಮ್ಯಾಡಿಸನ್ 1873ರಲ್ಲಿ ಹೇಳಿದ್ದಾರೆ. ಮನೆಯವರನ್ನು ಒತ್ತೆಯಿಟ್ಟುಕೊಂಡವನ ಎದುರು ನಿಂತವರ ಆಯ್ಕೆಯನ್ನು ಮನಸ್ಸಿದ್ದೇ ಬಂದರು ಎಂದು ಓದುವುದು ಅನ್ಯಾಯ ಎಂದು ನನ್ನ ನಂಬಿಕೆ.

ಅಮೆರಿಕದ ರಾಜಧಾನಿ ಎಲ್ಲಿರಬೇಕು ಅಂತ ತೀರ್ಮಾನವಾದ ಊಟ ಇವನದೇ ಅಡುಗೆಯೇ?

1790ರ ಜೂನ್‌ನಲ್ಲಿ ನ್ಯೂಯಾರ್ಕಿನ ಮೇಡನ್ ಲೇನ್‌ನಲ್ಲಿದ್ದ ಬಾಡಿಗೆ ಮನೆಯಲ್ಲಿ ಜೆಫರ್ಸನ್ ಅವರು ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮತ್ತು ವರ್ಜೀನಿಯಾದ ಸಂಸದ ಜೇಮ್ಸ್ ಮ್ಯಾಡಿಸನ್ ಅವರನ್ನು ಊಟಕ್ಕೆ ಕರೆದರು. ರಾಜ್ಯಗಳ ಯುದ್ಧಸಾಲವನ್ನು ಕೇಂದ್ರ ವಹಿಸಿಕೊಳ್ಳುವುದು, ಬದಲಿಗೆ ರಾಜಧಾನಿ ಪೊಟೋಮ್ಯಾಕ್ ನದಿಯ ದಡಕ್ಕೆ ಬರುವುದು ಎಂಬ ಒಪ್ಪಂದ ಅಲ್ಲಿ ಕುದುರಿತು. ಆಗ ಆ ಮನೆಯ ಬಾಣಸಿಗರಾಗಿದ್ದವರು ಜೇಮ್ಸ್ ಹೆಮಿಂಗ್ಸ್, ಆದ್ದರಿಂದ ಅಡುಗೆ ಅವರದೆಂದೇ ಇತಿಹಾಸಕಾರರು ಭಾವಿಸುತ್ತಾರೆ. ಬಡಿಸಿದ ಖಾದ್ಯಗಳ ಪಟ್ಟಿ ಎಂದು ಅಲ್ಲಲ್ಲಿ ಕಾಣುವುದೆಲ್ಲ ಈಚಿನವರ ಊಹೆ.

ಬಿಡುಗಡೆಗೆ ಷರತ್ತು ಹಾಕಿದ್ದರಂತೆ, ಏನದು?

1793ರ ಸೆಪ್ಟೆಂಬರ್ 15ರಂದು ಫಿಲಡೆಲ್ಫಿಯಾದಲ್ಲಿ ಜೆಫರ್ಸನ್ ಅವರು ಒಂದು ಪತ್ರ ಬರೆದು ಸಹಿ ಹಾಕಿದರು. ಅಡುಗೆ ಕಲಿಸಲು ತಾನು ಬಹಳ ಖರ್ಚು ಮಾಡಿರುವುದರಿಂದ, ಜೇಮ್ಸ್ ತನ್ನೊಂದಿಗೆ ಮಾಂಟಿಚೆಲ್ಲೊಗೆ ಬಂದು, ತಾನು ಗೊತ್ತುಮಾಡಿದ ವ್ಯಕ್ತಿಯನ್ನು ಒಳ್ಳೆಯ ಅಡುಗೆಯವನನ್ನಾಗಿ ತಯಾರು ಮಾಡಿದ ಮೇಲೆ ಬಿಡುಗಡೆ ಎಂಬುದು ಅದರ ಸಾರ. ಫಿಲಡೆಲ್ಫಿಯಾ ಇದ್ದ ಪೆನ್ಸಿಲ್ವೇನಿಯಾದಲ್ಲಿ 1780ರಿಂದಲೇ ಗುಲಾಮಗಿರಿಯನ್ನು ಹಂತಹಂತವಾಗಿ ಕೊನೆಗಾಣಿಸುವ ಕಾನೂನು ಇತ್ತು, ಸ್ವತಂತ್ರ ಕಪ್ಪು ಜನರ ದೊಡ್ಡ ಸಮುದಾಯವಿತ್ತು. ಜೇಮ್ಸ್ ಅಲ್ಲಿಂದ ವರ್ಜೀನಿಯಾಕ್ಕೆ ಹಿಂತಿರುಗಿದ್ದು ಈ ಪತ್ರದ ಬಲದ ಮೇಲೆ.

ತಯಾರು ಮಾಡಬೇಕಾಗಿದ್ದ ವ್ಯಕ್ತಿ ಅವರ ಸ್ವಂತ ತಮ್ಮ ಪೀಟರ್. ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಕಟ್ಟೆಯೊಲೆಯ ಮುಂದೆ ಅಣ್ಣ ತಮ್ಮನಿಗೆ ಕಲಿಸಿದರು. 1796ರ ಫೆಬ್ರವರಿ 5ರಂದು ಜೇಮ್ಸ್ ಸ್ವತಂತ್ರರಾದರು, ಫಿಲಡೆಲ್ಫಿಯಾದ ದಾರಿಖರ್ಚಿಗೆ 30 ಡಾಲರ್ ಸಿಕ್ಕಿತು. ಪೀಟರ್ ಗುಲಾಮರಾಗಿಯೇ ಉಳಿದರು. ಪೀಟರ್ ಕೂಡ ಸಾಮಾನ್ಯರಲ್ಲ: ಅಧ್ಯಕ್ಷರ ಮನೆಯ ಫ್ರೆಂಚ್ ಬಾಣಸಿಗನಿಗೆ ಅವರ ಮಫಿನ್ ಮಾಡಲು ಬರಲಿಲ್ಲವೆಂದು ಜೆಫರ್ಸನ್ ಅವರು ಅದರ ವಿಧಾನವನ್ನು ಊರಿನಿಂದ ಬರೆದು ತರಿಸಲು ಪ್ರಯತ್ನಿಸಿದ್ದುಂಟು. ತಮ್ಮ ಜೀವಿತಾವಧಿಯಲ್ಲಿ ಜೆಫರ್ಸನ್ ಅವರು ವಿಧಿವತ್ತಾಗಿ ಬಿಡುಗಡೆ ಮಾಡಿದ್ದು ಇಬ್ಬರನ್ನು ಮಾತ್ರ: ಜೇಮ್ಸ್ ಮತ್ತು ಅವರ ಅಣ್ಣ ರಾಬರ್ಟ್.

ಸ್ವತಂತ್ರನಾದ ಮೇಲೆ ಅವನ ಕಥೆ ಏನಾಯಿತು?

ಕೆಲವು ವರ್ಷ ಬೇರೆಬೇರೆ ಕಡೆ ದುಡಿದು, 1801ರ ಹೊತ್ತಿಗೆ ಬಾಲ್ಟಿಮೋರ್‌ನಲ್ಲಿ ಅಡುಗೆ ಕೆಲಸದಲ್ಲಿದ್ದರು. ಅಧ್ಯಕ್ಷರಾಗಿ ಆಯ್ಕೆಯಾದ ಜೆಫರ್ಸನ್ ಅವರು ವಾಷಿಂಗ್ಟನ್ನಿನ ತಮ್ಮ ಅಡುಗೆಮನೆಗೆ ಜೇಮ್ಸ್ ಬರುತ್ತಾರೆಯೇ ಎಂದು ವಸತಿಗೃಹದ ಮಾಲೀಕ ವಿಲಿಯಂ ಇವಾನ್ಸ್ ಮೂಲಕ ಕೇಳಿಸಿದರು. ಸಂಬಳ ಎಷ್ಟು, ಷರತ್ತುಗಳೇನು ಎಂದು ಅವರೇ ಸ್ವಂತ ಕೈಬರಹದಲ್ಲಿ ನಾಲ್ಕು ಸಾಲು ಬರೆದು ಕಳಿಸಲಿ ಎಂದು ಜೇಮ್ಸ್ ಉತ್ತರ ಕೊಟ್ಟರು. ಯಾವ ಸ್ವತಂತ್ರ ಕಸುಬುದಾರನೂ ಕೇಳಬಹುದಾದ ಮಾತು ಅದು. ಆ ನಾಲ್ಕು ಸಾಲು ಬರಲಿಲ್ಲ. ಕೆಲಸ ಒನೊರೆ ಜೂಲಿಯನ್ ಎಂಬ ಫ್ರೆಂಚ್ ಬಾಣಸಿಗನಿಗೆ ಹೋಯಿತು. ಆ ಬೇಸಿಗೆಯಲ್ಲಿ ಜೇಮ್ಸ್ ಸಂಬಳಕ್ಕಾಗಿ ಕೆಲವು ವಾರ ಮಾಂಟಿಚೆಲ್ಲೊದಲ್ಲಿ ಅಡುಗೆ ಮಾಡಿ ಬಾಲ್ಟಿಮೋರ್‌ಗೆ ಮರಳಿದರು. ಶರತ್ಕಾಲದಲ್ಲಿ ಅವರು ತಮ್ಮ ಜೀವವನ್ನು ತಾವೇ ಕಳೆದುಕೊಂಡ ಸುದ್ದಿ ಇವಾನ್ಸ್ ಅವರ ಪತ್ರದಿಂದ ತಿಳಿಯಿತು. ವಿಪರೀತ ಕುಡಿತವೇ ಕಾರಣವೆಂದು ಊರವರ ಅಭಿಪ್ರಾಯ ಎಂದು ಇವಾನ್ಸ್ ಬರೆದಿದ್ದಾರೆ. ಆ ಒಂದು ವಾಕ್ಯವನ್ನು ಹಿಡಿದು ಅವರ ಬದುಕಿನ ತೀರ್ಪು ಬರೆಯುವವರೊಂದಿಗೆ ನಾನು ಒಪ್ಪುವುದಿಲ್ಲ.

## ಇತರ ಬಾಣಸಿಗರು

ಜಾರ್ಜ್ ವಾಷಿಂಗ್ಟನ್ ಅವರ ಅಡುಗೆಯವನು ಓಡಿಹೋದ ಎನ್ನುತ್ತಾರೆ. ಯಾರವನು?

ಹರ್ಕ್ಯುಲಿಸ್ ಪೋಸಿ. ಫಿಲಡೆಲ್ಫಿಯಾದ ಅಧ್ಯಕ್ಷರ ಮನೆಯಲ್ಲಿ ಅವರು ಮುಖ್ಯ ಬಾಣಸಿಗರು. ಅಡುಗೆಮನೆಯಲ್ಲಿ ಉಳಿದ ಸಾಮಗ್ರಿ ಮಾರಿ ದುಡ್ಡು ಮಾಡಿಕೊಂಡು, ಸಂಜೆ ಚಿನ್ನದ ಹಿಡಿಯ ಕೋಲು ಹಿಡಿದು, ಮಖಮಲ್ ಕಾಲರಿನ ನೀಲಿ ಕೋಟು ತೊಟ್ಟು ವಾಯುವಿಹಾರಕ್ಕೆ ಹೊರಡುತ್ತಿದ್ದರೆಂದು ವಾಷಿಂಗ್ಟನ್ ಮನೆತನದ ಮೊಮ್ಮಗ ನೆನಪಿಸಿಕೊಂಡಿದ್ದಾರೆ. ಆರು ತಿಂಗಳು ಪೆನ್ಸಿಲ್ವೇನಿಯಾದಲ್ಲಿ ಸತತವಾಗಿದ್ದ ಗುಲಾಮ ಬಿಡುಗಡೆ ಕೇಳಬಹುದಾಗಿತ್ತು. ಅದನ್ನು ತಪ್ಪಿಸಲು ವಾಷಿಂಗ್ಟನ್ ಅವರು ತಮ್ಮ ಗುಲಾಮರನ್ನು ಅವಧಿ ಮುಗಿಯುವ ಮೊದಲೇ ರಾಜ್ಯದ ಗಡಿ ದಾಟಿಸಿ ಕರೆತರುತ್ತಿದ್ದರು, ಮತ್ತು ಇದರ ಉದ್ದೇಶ ಅವರಿಗಾಗಲಿ ಸಾರ್ವಜನಿಕರಿಗಾಗಲಿ ತಿಳಿಯಬಾರದೆಂದು 1791ರಲ್ಲಿ ಕಾರ್ಯದರ್ಶಿಗೆ ಬರೆದಿದ್ದರು.

1796ರ ಕೊನೆಯಲ್ಲಿ ಹರ್ಕ್ಯುಲಿಸ್ ಅವರನ್ನು ವಾಷಿಂಗ್ಟನ್ ಅವರ ವರ್ಜೀನಿಯಾದ ಎಸ್ಟೇಟಾದ ಮೌಂಟ್ ವರ್ನನ್‌ನಲ್ಲಿ ಜೇಡಿಮಣ್ಣು ಅಗೆಯಲು, ಕಲ್ಲು ಪುಡಿಮಾಡಲು ಹಚ್ಚಲಾಯಿತು. 1797ರ ಫೆಬ್ರವರಿ 22ರಂದು, ವಾಷಿಂಗ್ಟನ್ ಅವರ 65ನೆಯ ಹುಟ್ಟುಹಬ್ಬದ ದಿನ, ಅವರು ಕಣ್ಮರೆಯಾದರು. ಕೆಲವು ವಾರಗಳ ನಂತರ ಅಲ್ಲಿಗೆ ಬಂದ ಫ್ರೆಂಚ್ ಅತಿಥಿಗಳಲ್ಲೊಬ್ಬ ಅವರ ಪುಟ್ಟ ಮಗಳನ್ನು, ಅಪ್ಪನನ್ನು ಮತ್ತೆ ನೋಡಲಾರೆನೆಂದು ನಿನಗೆ ದುಃಖವಿಲ್ಲವೇ ಎಂದು ಕೇಳಿದ. ತನಗೆ ಬಹಳ ಸಂತೋಷ, ಏಕೆಂದರೆ ಅವರೀಗ ಸ್ವತಂತ್ರರು ಎಂದು ಆ ಮಗು ಹೇಳಿತು. ಹರ್ಕ್ಯುಲಿಸ್ 1812ರ ಮೇ 15ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರೆಂಬುದು 2019ರಲ್ಲಷ್ಟೇ ಸಂಶೋಧಕರಿಗೆ ಗೊತ್ತಾಯಿತು. ಅವರದೆಂದು ಹಲವೆಡೆ ಮುದ್ರಿಸುವ ಚಿತ್ರ ಅವರದಲ್ಲ.

ಹೆಂಗಸರು ಯಾರೂ ಈ ಮಟ್ಟಕ್ಕೆ ಬರಲಿಲ್ಲವೇ?

ಬಂದರು. ಎಡಿತ್ ಫಾಸೆಟ್ ಅವರನ್ನು 1802ರಲ್ಲಿ, 15ನೆಯ ವಯಸ್ಸಿನಲ್ಲಿ, ವಾಷಿಂಗ್ಟನ್ನಿನ ಅಧ್ಯಕ್ಷರ ಮನೆಗೆ ಕಳಿಸಿ ಜೂಲಿಯನ್ ಬಳಿ ತರಬೇತಿ ಕೊಡಿಸಲಾಯಿತು. ಕೈಗೆ ಸಿಗುತ್ತಿದ್ದುದು ತಿಂಗಳಿಗೆ 2 ಡಾಲರ್ ಭಕ್ಷೀಸು. ಅವರ ಪತಿ, ಕಮ್ಮಾರ ಜೋಸೆಫ್, 1806ರಲ್ಲಿ ಹೆಂಡತಿಯನ್ನು ನೋಡಲು ಅನುಮತಿಯಿಲ್ಲದೆ ಅಲ್ಲಿಗೆ ಹೋಗಿ ಸಿಕ್ಕಿಬಿದ್ದರು. 1809ರಿಂದ ಜೆಫರ್ಸನ್ ಸಾಯುವ 1826ರವರೆಗೆ ಮಾಂಟಿಚೆಲ್ಲೊದ ಮುಖ್ಯ ಅಡುಗೆ ಎಡಿತ್ ಅವರದು. ಅರ್ಧ ವರ್ಜೀನಿಯಾ, ಅರ್ಧ ಫ್ರೆಂಚ್ ಎಂದು ಅತಿಥಿಯಾಗಿ ಬಂದ ರಾಜಕಾರಣಿ ಡೇನಿಯಲ್ ವೆಬ್‌ಸ್ಟರ್ ಹೊಗಳಿದ ಊಟ ಅವರ ಕೈಯದೇ. ಉಯಿಲಿನಲ್ಲಿ ಜೋಸೆಫ್ ಅವರಿಗೆ ಬಿಡುಗಡೆ ಸಿಕ್ಕಿತು, ಎಡಿತ್ ಮತ್ತು ಮಕ್ಕಳಿಗಿಲ್ಲ. 1827ರ ಜನವರಿಯಲ್ಲಿ ಸಾಲ ತೀರಿಸಲು ನಡೆದ ಹರಾಜಿಗೆ ಅವರೆಲ್ಲ ಬಂದರು. ಮಗ ಪೀಟರ್‌ಗೆ ಆಗ 11 ವರ್ಷ. ಆ ಹುಡುಗ ಮುಂದೆ ಸಿನ್ಸಿನಾಟಿಯಲ್ಲಿ ಹೆಸರಾಂತ ಊಟದ ಗುತ್ತಿಗೆದಾರರೂ ಪಾದ್ರಿಯೂ ಆದರು.

## ಇನ್ನಷ್ಟು ಆಳಕ್ಕೆ

ಮ್ಯಾಕರೋನಿ ಚೀಸ್ ಕಂಡುಹಿಡಿದವನು ಜೇಮ್ಸ್ ಎನ್ನುತ್ತಾರಲ್ಲ?

ಇಲ್ಲ. ಪಾಸ್ತಾ ಮತ್ತು ಗಿಣ್ಣನ್ನು ಸೇರಿಸಿ ಬೇಯಿಸುವುದು ಯುರೋಪಿನಲ್ಲಿ ಹಳೆಯದು. ಇಲ್ಲದ ಕೀರ್ತಿಯನ್ನು ಅಂಟಿಸುವುದರಿಂದ ಇದ್ದ ಸಾಧನೆ ಮಸುಕಾಗುತ್ತದೆ. ಅವರ ಹೆಸರಿನಲ್ಲಿ ಜೆಫರ್ಸನ್ ಕುಟುಂಬದ ಕೈಬರಹಗಳಲ್ಲಿ ಉಳಿದಿರುವುದರಲ್ಲಿ ‘ಹಿಮದ ಮೊಟ್ಟೆ’ ಎಂಬ ಸಿಹಿ ಮುಖ್ಯ: ಮೊಟ್ಟೆಯ ಬಿಳಿಯನ್ನು ನೊರೆಯಾಗುವಂತೆ ಕಡೆದು, ಚಮಚ ಚಮಚವಾಗಿ ಬಿಸಿ ಹಾಲಿನಲ್ಲಿ ತೇಲಿಸಿ ಬೇಯಿಸಿ, ಅದೇ ಹಾಲಿಗೆ ಹಳದಿ ಸೇರಿಸಿ ಗಟ್ಟಿಮಾಡಿದ ಪಾಕವನ್ನು ಮೇಲೆ ಸುರಿಯುವುದು. ಹೇಳಲು ಸುಲಭ. ಕೆಂಡದ ಮೇಲೆ, ಹಾಲು ಒಡೆಯದಂತೆ ಮಾಡಿ ನೋಡಿದರೆ ಕೈಯ ಹದ ಎಂದರೇನೆಂದು ತಿಳಿಯುತ್ತದೆ.

ಹಾಗಾದರೆ ಆಫ್ರಿಕದಿಂದ ಬಂದದ್ದು ಏನು?

ಬೆಂಡೆಕಾಯಿ, ಅಲಸಂದೆ, ಎಳ್ಳು, ಕಲ್ಲಂಗಡಿ, ಜೋಳ ಇವೆಲ್ಲ ಗುಲಾಮರ ವ್ಯಾಪಾರದ ದಾರಿಯಲ್ಲೇ ಅಮೆರಿಕದ ನೆಲಕ್ಕೆ ಬಂದವು ಮತ್ತು ಆ ಜನರ ಹಿತ್ತಿಲುಗಳಲ್ಲಿ ಬೇರುಬಿಟ್ಟವು. ದಕ್ಷಿಣ ಕರೊಲಿನಾದ ಭತ್ತದ ಗದ್ದೆಗಳು ಎದ್ದದ್ದು ಗುಲಾಮರ ದುಡಿಮೆಯಿಂದ, ಅವರಲ್ಲಿ ಪಶ್ಚಿಮ ಆಫ್ರಿಕದ ಭತ್ತದ ನಾಡಿನವರು ಬಹಳ ಮಂದಿ. ಈ ಪಟ್ಟಿಯ ಒಂದೊಂದು ಹೆಸರೂ ನಮ್ಮ ಅಡುಗೆಮನೆಯ ಪರಿಚಯದ್ದೇ ಆದ್ದರಿಂದ, ಬೆಂಡೆಕಾಯಿಯ ಲೋಳೆಯಿಂದಲೇ ಸಾರು ಮಂದವಾಗುವ ಗಂಬೊ ಎಂಬ ಅಡುಗೆ ಕನ್ನಡಿಗರಿಗೆ ವಿಚಿತ್ರವೆನಿಸುವುದಿಲ್ಲ.

ಇವರ ಬಗ್ಗೆ ತಿಳಿದಿರುವುದೆಲ್ಲ ಒಡೆಯರ ಕಾಗದಗಳಿಂದಲೇ ಅಲ್ಲವೇ? ನಂಬುವುದು ಹೇಗೆ?

ಬಹುಪಾಲು ಹಾಗೆಯೇ. ಲೆಕ್ಕದ ಪುಸ್ತಕ ಸಂಬಳ ಹೇಳುತ್ತದೆ, ಸಂಬಳ ಪಡೆದವರ ಮನಸ್ಸನ್ನಲ್ಲ. ಆದ್ದರಿಂದ ಒಡೆಯರ ಪತ್ರಗಳನ್ನು ಐಸಾಕ್ ಗ್ರೇಂಜರ್, ಮ್ಯಾಡಿಸನ್ ಹೆಮಿಂಗ್ಸ್, ಪೀಟರ್ ಫಾಸೆಟ್ ಮುಂತಾದವರು ಹೇಳಿ ಬರೆಸಿದ ನೆನಪುಗಳ ಪಕ್ಕದಲ್ಲಿಟ್ಟು ಓದಬೇಕು. ಒಡೆಯ ದಯೆ ಎಂದು ಬರೆದ ಕಡೆ, ಅದಕ್ಕೆ ಪ್ರತಿಯಾಗಿ ಏನು ಕೇಳಿದ್ದ ಎಂದು ನೋಡಬೇಕು. ನೆಲವೂ ಸಾಕ್ಷಿ ಹೇಳುತ್ತದೆ: 2017ರಲ್ಲಿ ಮಾಂಟಿಚೆಲ್ಲೊದ ದಕ್ಷಿಣ ಮಂಟಪದ ನೆಲಮಾಳಿಗೆಯನ್ನು ಅಗೆದಾಗ, ಜೇಮ್ಸ್ ಮತ್ತು ಪೀಟರ್ ಬಳಸಿದ ಮೊದಲ ಅಡುಗೆಮನೆಯ ಕಟ್ಟೆಯೊಲೆಗಳ ಬುನಾದಿ ಸಿಕ್ಕಿತು.

ನಾವು ಅಮೆರಿಕದಲ್ಲೇ ಇದ್ದೇವೆ. ಹೋಗಿ ನೋಡಬಹುದೇ?

ಖಂಡಿತ. ಮಾಂಟಿಚೆಲ್ಲೊ ವರ್ಜೀನಿಯಾದ ಷಾರ್ಲಟ್ಸ್‌ವಿಲ್ ಪಕ್ಕದಲ್ಲಿದೆ, ವಾಷಿಂಗ್ಟನ್ನಿನಿಂದ ಕಾರಿನಲ್ಲಿ ಸುಮಾರು ಎರಡೂವರೆ ಗಂಟೆ. ಮಕ್ಕಳನ್ನೂ ಕರೆದೊಯ್ಯಿರಿ. ದೊಡ್ಡ ಮನೆಯ ಗ್ರಂಥಾಲಯ, ಗಡಿಯಾರಗಳನ್ನಷ್ಟೇ ನೋಡಿ ಹೊರಡಬೇಡಿ. ದಕ್ಷಿಣದ ಕಡೆಯ ಅಡುಗೆಮನೆಗೆ ಹೋದರೆ ಎಡಿತ್ ಬಳಸಿದ ಕಾಲದ, ಎಂಟು ಗುಳಿಗಳ ಕಟ್ಟೆಯೊಲೆಯನ್ನು ಮತ್ತೆ ಕಟ್ಟಿ ಇಟ್ಟಿದ್ದಾರೆ. ಗುಲಾಮರ ಬದುಕನ್ನು ಕುರಿತೇ ವಿವರಿಸುವ ಮಾರ್ಗದರ್ಶಿ ಪ್ರವಾಸವೂ ಇದೆ. ವಾಷಿಂಗ್ಟನ್ ನಗರದ ಸಮೀಪದ ಮೌಂಟ್ ವರ್ನನ್‌ನಲ್ಲಿ ಹರ್ಕ್ಯುಲಿಸ್ ಅವರು ಕೆಲಸ ಮಾಡಿದ ಅಡುಗೆಮನೆಯ ಕಟ್ಟಡ ಉಳಿದಿದೆ.